ಬರೆಯದೆ ಬಿಟ್ಟ ಕೊಬ್ಬರಿ ಚೂರು

ಕನ್ನಡಕ ಜಾರಿದಾಗ ಅವರು ಅದನ್ನು ತೋಳಿನಿಂದಲೇ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದರು. ಬೆರಳುಗಳ ನಡುವೆ ಯಾರದೋ ರಕ್ತದ ಟ್ಯೂಬು ಇರುತ್ತಿತ್ತು. ಹೊನ್ನವಳ್ಳಿಯಲ್ಲಿ ನಾವೆಲ್ಲ ಅವರನ್ನು ರಕ್ತದ ಮೇಡಂ ಎನ್ನುತ್ತಿದ್ದೆವು.

ಊಟಕ್ಕೂ ಮೆದುಳಿಗೂ ಏನು ನಂಟು ಎಂಬುದು ಅವರ ಸಂಶೋಧನೆ. ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಮೆದುಳಿನ ಕಾಂಡಕೋಶಗಳನ್ನು ಬೆಳೆಸಿ, ಅವಕ್ಕೆ ನಮ್ಮ ರಕ್ತದಿಂದ ಬೇರ್ಪಡಿಸಿದ ತಿಳಿ ಹಾಕಿ ನೋಡುತ್ತಿದ್ದರು. "ಒಂದೇ ಜಾತಿ ಸಸಿಗೆ ಬೇರೆ ಬೇರೆ ಬೋರಿನ ನೀರು ಹಾಕಿದ ಹಾಗೆ ಯಜಮಾನ್ರೇ. ಯಾವುದಕ್ಕೆ ಚಿಗುರುತ್ತೆ, ಯಾವುದಕ್ಕೆ ಸೊರಗುತ್ತೆ ನೋಡ್ಬೇಕು" ಎಂದಿದ್ದರು. ಅದಕ್ಕಾಗಿ ರಕ್ತ ಕೊಡುತ್ತಿದ್ದ ನಾವು ಹತ್ತು ಮಂದಿ ಬಾಯಿಗೆ ಹಾಕಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕಿತ್ತು. ಅವರು ಮುದ್ದೆಯನ್ನು ಪುಟ್ಟ ತಕ್ಕಡಿಯಲ್ಲಿಟ್ಟಾಗ ನನ್ನ ಹೆಂಡತಿ, "ಏನ್ ಮೇಡಮ್ಮೋರೇ, ಚಿನ್ನ ತೂಗ್ದಂಗೆ ತೂಗ್ತೀರಲ್ಲ!" ಎಂದಳು. "ಚಿನ್ನ ತಿನ್ನೋರಾದ್ರೆ ನನಗೇನು ಕೆಲ್ಸ ಕಣಮ್ಮ" ಎಂದು ಅವರೂ ನಕ್ಕರು.

ಅಟ್ಟದಲ್ಲಿ ಒಣಗಿದ ತೆಂಗಿನಕಾಯಿ ಇಳಿಸಿ, ಸುಲಿದು, ಕರಟ ಬಿಡಿಸುವ ದಿನಗಳಲ್ಲಿ ನಮ್ಮ ಬಾಯಿ ಸುಮ್ಮನಿರುವುದಿಲ್ಲ. ಮುರಿದ ಕೊಬ್ಬರಿಯ ಚೂರು, ಜೊತೆಗೆ ಬೆಲ್ಲ, ಬೆಳಗಿನಿಂದ ಸಂಜೆಯವರೆಗೆ. ಅದನ್ನು ತಿನ್ನುವುದೆಂದು ಇಲ್ಲಿ ಯಾರೂ ಎಣಿಸುವುದಿಲ್ಲ. ಮೊದಮೊದಲು ನಾನೂ ಬರೆಯಲು ಮರೆತೆ. ಆಮೇಲೆ ಬೇಕೆಂದೇ ಬಿಟ್ಟೆ. "ಕೊಬ್ಬರಿ ಬರೀಬ್ಯಾಡ್ರಲಾ. ಕೊಬ್ಬರಿ ತಿಂದ್ರೆ ತಲೆ ಕೆಡ್ತದೆ ಅಂತ ಪೇಪರ್‌ನಾಗೆ ಹಾಕುದ್ರೆ ತಿಪಟೂರಲ್ಲಿ ನಮ್ ಮಾಲು ಕೇಳೋರಿರಲ್ಲ" ಎಂದು ಉಳಿದ ಒಂಬತ್ತು ಮಂದಿಗೂ ಹೇಳಿಕೊಟ್ಟವನು ನಾನೇ.

ಎರಡು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಮೇಡಂ ಬಂದರು. ನಮ್ಮ ಬರಹಕ್ಕೂ ರಕ್ತಕ್ಕೂ ತಾಳೆಯೇ ಆಗುತ್ತಿಲ್ಲವಂತೆ. ತಮ್ಮ ತಕ್ಕಡಿ, ತಮ್ಮ ಟ್ಯೂಬು, ಕಡೆಗೆ ತಮ್ಮ ಕೈಯನ್ನೇ ಅನುಮಾನಿಸಿ ಎಲ್ಲವನ್ನೂ ಮತ್ತೆ ಮಾಡಿ ನೋಡಿದ್ದರು.

"ನನ್ನದೇ ಎಲ್ಲೋ ತಪ್ಪಾಗಿದೆ. ನಿಮ್ಮೂರಿಂದು ಪೂರ್ತಿ ಕೈಬಿಡ್ತಿದ್ದೀನಿ. ಸುಮ್ನೆ ನಿಮಗೆಲ್ಲ ಸೂಜಿ ಚುಚ್ಚಿದ್ದಾಯ್ತು, ಕ್ಷಮಿಸಿ."

ಆಗಲೂ ನನ್ನ ದವಡೆಯಲ್ಲಿ ಒಂದು ಚೂರಿತ್ತು. ಅದನ್ನು ಹಾಗೇ ನುಂಗಿಕೊಂಡೆ.

ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಈ ಸಲ ನಿಮ್ಮ ರಕ್ತದಲ್ಲಿ ಸಕ್ಕರೆ ಏರಿದೆ. ತಡ ಮಾಡ್ದೆ ತೋರಿಸ್ಕೊಳ್ಳಿ" ಎಂದರು. ತೋರಿಸಿಕೊಂಡೆ. ಕಣ್ಣು, ಕಾಲು ಉಳಿದಿವೆ.

ನಿಜ ಬರೆದು ಕಾಗದ ಹಾಕಲು ನನಗೆ ನಾಲ್ಕು ವರ್ಷ ಬೇಕಾಯಿತು. ಉತ್ತರ ಬರೆದವರು ಅವರ ತಂಗಿ. ಮೇಡಂ ತೀರಿಕೊಂಡು ಆಗಲೇ ಆರು ತಿಂಗಳಾಗಿತ್ತು. ತಪ್ಪು ತಮ್ಮದೆಂದುಕೊಂಡೇ ಹೋದರು.

ಅವರು ಕೊಟ್ಟ ಪುಸ್ತಕದಲ್ಲಿ ಇನ್ನೂ ಹಾಳೆಗಳಿವೆ. ದಿನವೂ ಬರೆಯುತ್ತೇನೆ. ಇವತ್ತಿನದು: ಮುದ್ದೆ ಒಂದು, ಹುರುಳಿ ಸಾರು, ಕೊಬ್ಬರಿ ಎರಡು ಚೂರು.