ಹಾಯಿಲನ ಕೈಚಳಕ

ಹಾಯಿಲ್ ಕೂತಿದ್ದನ್ನು ನಾನು ಕಂಡಿದ್ದೇ ಕಡಿಮೆ. ಮರುಭೂಮಿಯಂಚಿನ ಮಫ್ರಕ್ ಊರಿನ ನಮ್ಮ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಹರಳು ಬೆಳೆಸುವ ಕೆಲಸ ಅವನದು, ಆ ಹರಳುಗಳನ್ನು ಎಕ್ಸ್-ರೇ ಯಂತ್ರದಲ್ಲಿಟ್ಟು ನೋಡುವ ಕೆಲಸ ನನ್ನದು. ಓವನ್ನಿಂದ ಕಿಟಕಿಗೆ, ಕಿಟಕಿಯಿಂದ ನನ್ನ ಬಾಗಿಲಿಗೆ, ಸೂರ್ಯಕಾಂತಿ ಬೀಜ ಕಚ್ಚುತ್ತಾ ತಿರುಗುತ್ತಲೇ ಇರುತ್ತಿದ್ದ. ನೋಡಿ ನೋಡಿ ನನಗೇ ತಲೆ ಸುತ್ತುತ್ತಿತ್ತು.

ಲೋಹವನ್ನೂ ಒಂದು ಆಮ್ಲವನ್ನೂ ಸೀಸೆಯಲ್ಲಿ ಕೂಡಿಸಿ ಬಿಸಿಯಲ್ಲಿಟ್ಟರೆ ಮೈತುಂಬ ತೂತುಗಳಿರುವ ಹರಳು ಕಟ್ಟುತ್ತದೆ. ಮರುಭೂಮಿಯ ಗಾಳಿಯಲ್ಲಿರುವ ಅಷ್ಟಿಷ್ಟು ತೇವವನ್ನೂ ಅದು ಹೀರಿಟ್ಟುಕೊಳ್ಳುತ್ತದೆ. ಇಷ್ಟು ವರ್ಷ ನಮಗೆ ಅದರ ಪುಡಿ ಸಾಕಾಗಿತ್ತು. ಈ ಚಳಿಗಾಲದಲ್ಲಿ ನಮ್ಮ ಪ್ರಯೋಗಾಲಯದ ಮುಖ್ಯಸ್ಥರಾದ ಡಾಕ್ಟರ್ ನವ್ವಾಫ್ ಹರಳಿನ ಹೊಸದೊಂದು ಬಗೆ ಕಂಡುಹಿಡಿದರು. ಅದರ ಒಳಕಟ್ಟು ತಿಳಿಯಬೇಕಾದರೆ ನನ್ನ ಯಂತ್ರಕ್ಕೆ ಸಕ್ಕರೆ ಕಾಳಿನಷ್ಟಾದರೂ ದೊಡ್ಡ ಹರಳು ಬೇಕಿತ್ತು. ಹಾಯಿಲನ ಸೀಸೆಯಲ್ಲಿ ಬರುತ್ತಿದ್ದದ್ದು ಮೈದಾಹಿಟ್ಟಿನಂಥ ಪುಡಿ.

ಅವನು ಮಾಡದ ಪ್ರಯತ್ನವಿಲ್ಲ. ಫಾರ್ಮಿಕ್ ಆಸಿಡ್ ಸೇರಿಸಿದರೆ ಹರಳು ಕಟ್ಟುವುದು ನಿಧಾನವಾಗುತ್ತದೆ, ಹರಳು ಮೊಳೆಯುವ ಬೀಜಕಣಗಳು ಕಡಿಮೆಯಾಗಿ ಒಂದೊಂದೂ ದಪ್ಪವಾಗುತ್ತದೆ. ಹನಿ ಹನಿಯಾಗಿ ಹೆಚ್ಚಿಸಿದ. ಬಿಸಿ ಇಳಿಸಿದ. ಮತ್ತೆ ಹಿಟ್ಟು. ಅದೇ ಅಳತೆಯಲ್ಲಿ ಡಾಕ್ಟರು ತಾವೇ ಒಂದು ಸೀಸೆ ಇಟ್ಟರು, ಅದರಲ್ಲಿ ಕಾಳು ಕಾಣಿಸಿತು. ಯಂತ್ರಕ್ಕೆ ಸಾಲದಷ್ಟು ಚಿಕ್ಕದು, ಆದರೂ ಕಾಳು.

"ಕೆಮಿಕಲ್ ಸರಿಯಿದೆ, ಓವನ್ ಸರಿಯಿದೆ," ಎಂದರು ಡಾಕ್ಟರು. "ನಿನ್ನ ಕೈಯೇ ಸರಿಯಿಲ್ಲ ಹಾಯಿಲ್. ಗುರುವಾರಕ್ಕೂ ಹಿಟ್ಟೇ ಬಂದ್ರೆ ಉಗ್ರಾಣಕ್ಕೆ ಹೋಗು. ಅಲ್ಲಿ ಡಬ್ಬ ಜೋಡಿಸು."

ಹನ್ನೊಂದು ವರ್ಷ ದುಡಿದವನಿಗೆ ಹೇಳುವ ಮಾತೇ ಅದು? ನನಗೆ ಮೈಯೆಲ್ಲ ಉರಿಯಿತು. ಹಾಯಿಲ್ ತನ್ನ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡ, ಅಷ್ಟೇ.

ಬುಧವಾರ ಬೆಳಿಗ್ಗೆ ಅವನಿಗೆ ಚಹಾ ಕೊಡಲು ಹೋದೆ. ಓವನ್ ತೆರೆದು, ಸೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ದಿನಾ ಬೆಳಿಗ್ಗೆ ಹಾಗೆ ನೋಡುತ್ತಾನೆ. ನೋಡಿಯಾದ ಮೇಲೆ, ಒಳಗಿಡುವ ಮುನ್ನ, ಮಣಿಕಟ್ಟನ್ನು ಎಡಕ್ಕೆ ಬಲಕ್ಕೆ ಎರಡು ಸಲ ಅಲುಗಿಸಿದ.

"ಏಯ್, ಏನ್ ಮಾಡ್ದೆ ಈಗ?" ಎಂದು ಕಿರುಚಿದೆ.

"ಏನ್ ಮಾಡ್ದೆ? ನೋಡಿ ಒಳಗಿಟ್ಟೆ."

"ಅಲ್ಲಾಡಿಸ್ದೆ!"

"ನಿಮ್ ಕಣ್ಣಿಗೆ ಏನಾಗಿದೆ ಉಮ್ಮ್ ಐಹಮ್? ನಾನ್ಯಾಕೆ ಅಲ್ಲಾಡಿಸ್ಲಿ?"

ಐಹಮ್ ನನ್ನ ಮಗ, ಅವನಮ್ಮ ಎಂದೇ ನನ್ನನ್ನು ಎಲ್ಲರೂ ಕರೆಯುವುದು. ಒಂದು ಖಾಲಿ ಸೀಸೆ ಹಾಯಿಲನ ಕೈಗೆ ಕೊಟ್ಟು, ವಾಪಸ್ ಕೊಡು ಎಂದೆ. ಕೊಡುವಾಗ ಕೈ ತಾನಾಗಿ ಅಲುಗಿತು. ಇಬ್ಬರೂ ಆ ಕೈಯನ್ನೇ ನೋಡಿದೆವು. ಅವನಪ್ಪ ಶೇಖ್ ಮನೆಯ ಅತಿಥಿಗಳಿಗೆ ಮೂವತ್ತು ವರ್ಷ ಕಾಫಿ ಸುರಿದವರು, ಆ ಬಟ್ಟಲುಗಳ ನಡುವೆಯೇ ಬೆಳೆದವನು ಇವನು. ನಮ್ಮಲ್ಲಿ ಸಾಕು ಎಂದು ಯಾರೂ ಬಾಯಲ್ಲಿ ಹೇಳುವುದಿಲ್ಲ. ಬಟ್ಟಲನ್ನು ಹೀಗೆ ಅಲುಗಿಸಿ ಹಿಂದಿರುಗಿಸುತ್ತೇವೆ. ಅಲುಗಿಸದಿದ್ದರೆ ಸುರಿಯುವವನು ಸುರಿಯುತ್ತಲೇ ಇರುತ್ತಾನೆ.

"ಅದು ಕಾಫಿ ಬಟ್ಟಲಲ್ಲ ಮಾರಾಯ," ಎಂದೆ. "ನೀನು ಅಲುಗಿಸ್ದಾಗೆಲ್ಲ ಒಂದರ ಬದಲು ಸಾವಿರ ಬೀಜ ಕಟ್ಕೊಳ್ಳುತ್ತೆ. ಇದ್ದದ್ದೆಲ್ಲ ಸಾವಿರ ಪಾಲಾದ್ರೆ ಯಾವುದು ತಾನೇ ಬೆಳೆಯುತ್ತೆ?"

ಅವತ್ತು ಹಾಯಿಲ್ ಕೂತ. ನೆಲದ ಮೇಲೆಯೇ ಕೂತುಬಿಟ್ಟ.

ಗುರುವಾರ ಸೀಸೆಯಲ್ಲಿ ಹಿಟ್ಟೇ ಇತ್ತು. ಅದನ್ನು ತೋರಿಸಲು ಇಬ್ಬರೂ ಡಾಕ್ಟರ ಕೋಣೆಗೆ ಹೋದೆವು. ಅವರು ಎಂದಿನಂತೆ ಕಾಫಿ ಸುರಿದು ಕೊಟ್ಟರು. ಹಾಯಿಲ್ ಅದನ್ನು ತುಟಿಗೆ ಸೋಕಿಸದೆ ಮೇಜಿನ ಮೇಲಿಟ್ಟ. ನಮ್ಮಲ್ಲಿ ಹೆಣ್ಣು ಕೇಳಲು ಬಂದವರು ಹಾಗೆ ಇಡುತ್ತಾರೆ, ಕೇಳಲು ಬಂದದ್ದನ್ನು ಕೊಡುವವರೆಗೆ ಕುಡಿಯುವುದಿಲ್ಲ ಎಂದರ್ಥ.

"ಏನೋ ಇದು, ಹೆಣ್ಣು ಕೇಳೋಕೆ ಬಂದ್ಯಾ?" ಎಂದರು ಡಾಕ್ಟರು.

"ಒಂದು ವಾರ ಟೈಮ್ ಕೇಳೋಕೆ ಬಂದೆ ಡಾಕ್ಟ್ರೇ. ನನ್ನ ಕೈ ಎಲ್ಲಿ ತಪ್ಪಿದೆ ಅಂತ ಗೊತ್ತಾಯ್ತು."

ಡಾಕ್ಟರು ನನ್ನತ್ತ ನೋಡಿದರು. ನಾನು ಹೂಂ ಎಂದೆ. ಎಷ್ಟು ಓದಿದ್ದರೂ ಅವರೂ ಮರುಭೂಮಿಯ ಗುಡಾರದಲ್ಲಿ ಬೆಳೆದವರೇ. ಎದುರಿಗೆ ಕೂತವನ ಕಾಫಿ ಆರಿಹೋದರೆ ನಾಚಿಕೆ ಯಾರಿಗೆ?

"ಕುಡಿ. ಸಿಕ್ತು," ಎಂದರು.

ಹಾಯಿಲ್ ಬೆರೆಸಿಕೊಟ್ಟ ಹೊಸ ಸೀಸೆಗಳನ್ನು ಓವನ್ನಿಗೆ ಸೇರಿಸಿದವಳು ನಾನು. ಬೀಗದ ಕೈಯೂ ನನ್ನ ಹತ್ತಿರವೇ. ಆ ವಾರ ನಮ್ಮಿಬ್ಬರಿಗೂ ನರಕ. ಗಂಟೆಗೊಮ್ಮೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ.

"ಬರೀ ನೋಡ್ತೀನಿ, ಮುಟ್ಟಲ್ಲ."

"ನಿನ್ನನ್ನ ನಂಬ್ತೀನಿ, ನಿನ್ನ ಕೈನ ನಂಬಲ್ಲ. ನಡಿ ಆಚೆ."

ಏಳನೆಯ ದಿನ, ಓವನ್ ಪೂರ್ತಿ ತಣ್ಣಗಾದ ಮೇಲೆ, ಬಾಗಿಲು ತೆರೆದೆ. ಹಾಯಿಲ್ ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ನಿಂತಿದ್ದ. ಮೊದಲ ಸೀಸೆಯ ತಳದಲ್ಲಿ ಎಂಟು ಮುಖದ ಹರಳುಗಳು, ಏಳೋ ಎಂಟೋ, ತಿಳಿಯಾಗಿ ಮಿನುಗಿದವು. ನನ್ನ ಕಣ್ಣು ತುಂಬಿತು. ಒಂದನ್ನೆತ್ತಿ ಯಂತ್ರದಲ್ಲಿಟ್ಟೆ. ಪರದೆಯ ತುಂಬ ಚುಕ್ಕಿಗಳು ಅಚ್ಚುಕಟ್ಟಾಗಿ ಮೂಡಿದವು, ಹರಳು ಚೆನ್ನಾಗಿದ್ದರೆ ಮಾತ್ರ ಹಾಗೆ ಮೂಡುವುದು.

ಡಾಕ್ಟರು ಆ ಚುಕ್ಕಿಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಾಫಿ ಪಾತ್ರೆಯನ್ನು ತಾವೇ ತಂದು, ನಿಂತುಕೊಂಡು ಹಾಯಿಲನಿಗೆ ಸುರಿದರು. ಉಗ್ರಾಣದ ಮಾತು ಮತ್ತೆ ಬರಲಿಲ್ಲ. ಹಾಯಿಲ್ ಕುಡಿದು ಬಟ್ಟಲು ಚಾಚಿದ. ಅವರು ಮತ್ತೆ ಸುರಿದರು. ಕುಡಿದ. ಮೂರಾಯಿತು, ನಾಲ್ಕಾಯಿತು, ಐದಾಯಿತು. ಹಣೆಯ ಮೇಲೆ ಬೆವರೊಡೆಯಿತು, ಚಾಚಿದ ಕೈ ಮಾತ್ರ ಕಲ್ಲಿನಂತೆ ನಿಂತಿತ್ತು.

"ಸಾಕಾದ್ರೆ ಅಲ್ಲಾಡಿಸೋ!" ಎಂದೆ.

"ಬೇಡ ಉಮ್ಮ್ ಐಹಮ್," ಎಂದ ಹಾಯಿಲ್, ಆರನೆಯದಕ್ಕೆ ಬಟ್ಟಲು ಚಾಚುತ್ತಾ. "ಈಗಷ್ಟೇ ಕಲ್ತಿದೀನಿ. ಮರೆತುಹೋದ್ರೆ?"