ಮುಂದಿನ ಸೀಟಿನ ಮೂವರು ಮತ್ತು ಒಂದು ಬೇಸ್ ನಾಬ್

ಅಂಬಾಸಿಡರ್ ಕಾರಿನ ಮುಂದಿನ ಸೀಟು ಆಗ ಬೆಂಚಿನಂತೆ ಉದ್ದಕ್ಕೆ ಒಂದೇ ಆಗಿತ್ತು. ಗೇರಿನ ಕೋಲು ಸ್ಟೇರಿಂಗಿನ ಮಗ್ಗುಲಲ್ಲಿದ್ದುದರಿಂದ, ಓಡಿಸುವವನೂ ಸೇರಿ ಮೂವರು ಅದರಲ್ಲಿ ನಿರಾತಂಕವಾಗಿ ಕೂರಬಹುದಿತ್ತು. ಸಾಗರದ ನನ್ನ ಗೆಳೆಯ ಟ್ಯಾಕ್ಸಿ ಕೊಂಡಂದಿನಿಂದ ಅವನ ಪಕ್ಕದ, ಅಂದರೆ ನಡುವಿನ, ಜಾಗ ನನ್ನದಾಗಿತ್ತು. ಒಂದನೆಯ ತರಗತಿಯಲ್ಲಿಯೂ ನಾವು ಒಂದೇ ಮಣೆಯ ಮೇಲೆ ಕುಳಿತವರು. ಹೊಸನಗರದ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದ ನಾನು ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ಸಾಗರಕ್ಕೆ ಬರುತ್ತಿದ್ದೆ. ಬಾಡಿಗೆಯಿಲ್ಲದ ಹೊತ್ತಿನಲ್ಲಿ ಇಬ್ಬರೂ ಆನಂದಪುರದವರೆಗೆ ಹೋಗಿ, ಚಹಾ ಕುಡಿದು ಹಿಂದಿರುಗುತ್ತಿದ್ದೆವು. ಎಂಬತ್ತರ ದಶಕದ ನಡುವಿನ ಒಂದು ಶನಿವಾರ ನಾನು ಬಾಗಿಲು ತೆರೆದಾಗ ನನ್ನ ಜಾಗದಲ್ಲಿ ಬೇರೊಬ್ಬರಿದ್ದರು.

ಅವರು ಧಾರವಾಡದ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನ ಗುಮಾಸ್ತರು. ಬಿಡುವಿನಲ್ಲಿ ಆಂಪ್ಲಿಫೈಯರ್ ಕಟ್ಟುವುದು ಅವರ ಹವ್ಯಾಸ. ರೇಡಿಯೊ ಬಿಚ್ಚಿ ಕಟ್ಟುವುದು ನನ್ನ ಹವ್ಯಾಸವೂ ಆಗಿತ್ತೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ನಾನು ಕಟ್ಟಿಕೊಟ್ಟ ರೇಡಿಯೊ ಗೆಳೆಯನ ಮನೆಯ ಅಡುಗೆಕೋಣೆಯಲ್ಲಿ ಮೂರು ವರ್ಷದಿಂದ ಸ್ಪಷ್ಟವಾಗಿ ಮಾತನಾಡುತ್ತಿತ್ತು. ಅದರ ಬಗ್ಗೆ ಯಾರೂ ಏನನ್ನೂ ಹೇಳಿರಲಿಲ್ಲ. ಬ್ಯಾಂಕಿನವರು ಕಾರಿನ ಡಿಕ್ಕಿಯಲ್ಲಿ ಒಂದು ಆಂಪ್ಲಿಫೈಯರ್ ಕೂರಿಸಿ, ಹಿಂದಿನ ಗಾಜಿನ ಕೆಳಗೆ ಎರಡು ದೊಡ್ಡ ಸ್ಪೀಕರ್ ಇಟ್ಟದ್ದೇ ತಡ, ಟ್ಯಾಕ್ಸಿ ನಿಲ್ದಾಣದಲ್ಲಿ ಜನ ನಿಂತು ಕೇಳತೊಡಗಿದರು. ಮದುವೆಯ ದಿಬ್ಬಣಕ್ಕೆ ಆ ಕಾರೇ ಬೇಕೆಂದರು. ಕ್ಯಾಸೆಟ್ ಬದಲಿಸುವವರು ನಡುವೆ ಕೂರುವುದೇ ಅನುಕೂಲವೆಂದು ಗೆಳೆಯನೂ ಹೇಳಿದ. ನಾನು ಎಡಗಡೆಯ ಕಿಟಕಿಗೆ ಸರಿದೆ.

ಆ ಏರ್ಪಾಡಿನಲ್ಲಿ ಒಂದು ಕೊರತೆಯಿತ್ತು. ಹಾಡಿನ ತಗ್ಗು ದನಿಯ ಗುಡುಗನ್ನು, ಅಂದರೆ ಬೇಸನ್ನು, ಹೆಚ್ಚು ಕಡಿಮೆ ಮಾಡುವ ನಾಬ್ ಇದ್ದುದು ಆಂಪ್ಲಿಫೈಯರಿನ ಮೈಮೇಲೆಯೇ, ಎಂದರೆ ಡಿಕ್ಕಿಯೊಳಗೆ. ಪೇಟೆಯ ನುಣುಪು ರಸ್ತೆಗೆ ಹೊಂದುವಷ್ಟು ಬೇಸ್ ಇಟ್ಟರೆ, ಮುಂದೆ ರಸ್ತೆ ಕೆಟ್ಟೊಡನೆ ಹಿಂದಿನ ಗಾಜು ಗಡಗಡ ನಡುಗುತ್ತಿತ್ತು. ತಗ್ಗಿಸಿದರೆ ಪೇಟೆಯಲ್ಲಿ ಹಾಡು ಸಪ್ಪೆಯಾಗುತ್ತಿತ್ತು. ಹಾಗಾಗಿ ಗೆಳೆಯ ದಾರಿಯಲ್ಲಿ ಕಾರು ನಿಲ್ಲಿಸುತ್ತಿದ್ದ. ಅವರಿಬ್ಬರೂ ಇಳಿದು ಹೋಗಿ ಡಿಕ್ಕಿ ತೆರೆಯುತ್ತಿದ್ದರು. ಸರಿಯಾಯಿತೇ ಇಲ್ಲವೇ ಎಂದು ಒಳಗಿನಿಂದ ಕೂಗಿ ಹೇಳುವುದು ನನ್ನ ಕೆಲಸ. ಸರಿಯಾಯಿತೆಂದು ಕೂಗಿದ ಮೇಲೂ ಅವರು ಬರುತ್ತಿರಲಿಲ್ಲ. ಎತ್ತಿದ ಡಿಕ್ಕಿಯ ಬಾಗಿಲು ಹಿಂದಿನ ಗಾಜಿಗೆ ಅಡ್ಡವಾಗಿರುತ್ತಿತ್ತು; ಅದರಾಚೆ ಎಲೆಯಡಿಕೆಯ ಕವಳ ಹಾಕಿಕೊಳ್ಳುತ್ತ ಇಬ್ಬರೂ ಏನೋ ಮಾತಾಡಿ ನಗುತ್ತಿದ್ದರು. ನಾನು ಬಂದೊಡನೆ ನಿಲ್ಲುತ್ತಿದ್ದ ನಗು ಅದಾಗಿರಲಿಲ್ಲ. ಅಷ್ಟಾದರೂ ಆಗಿದ್ದರೆ ಜಗಳವಾಡಲು ಒಂದು ಕಾರಣ ದೊರೆಯುತ್ತಿತ್ತು.

ಅದೇ ಸುಮಾರಿಗೆ ಗೆಳೆಯನಿಗೆ ತೀರ್ಥಹಳ್ಳಿಯಲ್ಲಿ ಒಂದು ಸಂಬಂಧ ಬಂತು. ಹಿರಿಯರು ಆಗಲೇ ಹೋಗಿ ಒಪ್ಪಿ ಬಂದಿದ್ದರು. ಹುಡುಗ ಒಮ್ಮೆ ಗೆಳೆಯರೊಂದಿಗೆ ಬಂದು ಹೆಣ್ಣು ನೋಡಿ ಹೋಗಲೆಂದು ಅಲ್ಲಿಂದ ಹೇಳಿಕಳುಹಿಸಿದರು. ನಾವು ಮೂವರು ಹೋಗುವುದೆಂದು ತಿಳಿದಾಗ ಗೆಳೆಯನ ತಾಯಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು.

"ಶುಭಕಾರ್ಯಕ್ಕೆ ಮೂರ್ ಜನ ಹೋಗ್ಬಾರ್ದು ಕಣೋ. ಒಬ್ರು ಕಡಿಮೆ ಆಗ್ಲಿ, ಇಲ್ಲಾ ಒಬ್ರು ಜಾಸ್ತಿ ಆಗ್ಲಿ."

"ಕಾರಲ್ಲಿ ಮೂರು ಜನ ಇದ್ರೆ ಎಂತ ಆಗಲ್ಲ ಅಮ್ಮ," ಎಂದ ಗೆಳೆಯ. "ಅವ್ರ ಹೊಸ್ತಿಲು ದಾಟೋದು ಇಬ್ರೇ."

ಆ ಇಬ್ಬರಲ್ಲಿ ಒಬ್ಬ ಅವನು. ಇನ್ನೊಬ್ಬರು ಯಾರೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೆಣ್ಣು ನೋಡಲು ಹೋದಾಗ ಹುಡುಗನ ಪಕ್ಕದಲ್ಲಿ ಕೂರುವವನು, ಅವನ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳುವವನು, ಮರಳುವ ದಾರಿಯಲ್ಲಿ "ಹೇಗನ್ನಿಸಿತು?" ಎಂದು ಮೊದಲು ಕೇಳಿಸಿಕೊಳ್ಳುವವನು ಅವನಿಗೆ ಎಲ್ಲರಿಗಿಂತ ಹತ್ತಿರದವನೆಂದೇ ನಮ್ಮಲ್ಲಿ ಅರ್ಥ. ಅದು ನನಗೆ ಬೇಕಾಗಿತ್ತು. ಅದು ಬ್ಯಾಂಕಿನವರಿಗೆ ಸಿಗಬಾರದಾಗಿತ್ತು. ಎರಡನೆಯದೇ ಹೆಚ್ಚು ಬೇಕಾಗಿತ್ತೋ ಏನೋ.

ಬ್ಯಾಂಕಿನವರು ರಜೆಯ ಮೇಲೆ ಊರಿಗೆ ಹೋದದ್ದು ನನಗೆ ಅನುಕೂಲವಾಯಿತು. ಎರಡು ಭಾನುವಾರ ಕಾರು ನನ್ನ ವಶಕ್ಕಿರಲೆಂದು ಗೆಳೆಯನನ್ನು ಕೇಳಿದೆ. ನನ್ನ ಯೋಜನೆ ಸರಳವಾಗಿತ್ತು: ಬೇಸ್ ಕಂಟ್ರೋಲನ್ನು ಆಂಪ್ಲಿಫೈಯರಿನಿಂದ ಕಿತ್ತು, ಉದ್ದನೆಯ ತಂತಿಯ ಮೂಲಕ ಕಾರಿನ ಮುಂಭಾಗಕ್ಕೆ ತರುವುದು. ತಂತಿ ಸುತ್ತಲಿನ ವಿದ್ಯುತ್ತಿನ ಸದ್ದನ್ನು ಹೀರಿಕೊಳ್ಳಬಾರದೆಂದು, ಮೇಲೆ ತಾಮ್ರದ ಜಾಲರಿಯ ಹೊದಿಕೆಯುಳ್ಳದ್ದನ್ನೇ ಶಿವಮೊಗ್ಗದಿಂದ ತರಿಸಿದೆ. ಪೆಟ್ಟಿಗೆಯಾಗಿ ಒಂದು ಪ್ಲಾಸ್ಟಿಕ್ ಸೋಪಿನ ಡಬ್ಬಿಯನ್ನು ಆರಿಸಿ, ಕಾಯಿಸಿದ ಮೊಳೆಯಿಂದ ಅದಕ್ಕೆ ತೂತು ಮಾಡಿದೆ. ಕೆಟ್ಟ ರೇಡಿಯೊದಿಂದ ತೆಗೆದ ಕಂದು ಬಣ್ಣದ ನಾಬ್ ಅದರ ಮೇಲೆ ಗಂಭೀರವಾಗಿ ಕಾಣುತ್ತಿತ್ತು.

ಯಾವ ಕೆಲಸವನ್ನೂ ಓರೆಕೋರೆಯಾಗಿ ಮಾಡುವುದು ನನ್ನ ಸ್ವಭಾವವಲ್ಲ. ಹಿಂದಿನ ದೀಪಗಳಿಗೆ ಹೋಗುವ ತಂತಿಗಳ ಕಟ್ಟೊಂದು ಕಾರಿನ ಬಲಮಗ್ಗುಲಲ್ಲಿ ಹಾಯ್ದಿತ್ತು. ನನ್ನ ತಂತಿಯನ್ನು ಅದರೊಡನೆ ಜೋಡಿಸಿ, ಗೇಣಿಗೊಂದರಂತೆ ದಾರದಿಂದ ಬಿಗಿದೆ. ನೋಡಲು ಅದು ಕಾರ್ಖಾನೆಯಿಂದಲೇ ಬಂದಂತಿತ್ತು. ಎಂಜಿನ್ ಚಾಲೂ ಮಾಡಿದೊಡನೆ ಸ್ಪೀಕರುಗಳಿಂದ ಕುಂಯ್ ಎಂಬ ಸದ್ದು ಹೊರಟಿತು. ಆಕ್ಸಿಲರೇಟರ್ ಒತ್ತಿದಂತೆಲ್ಲ ಅದು ಏರುತ್ತ ಹೋಗಿ ಹಾಡನ್ನೇ ಮುಚ್ಚಿತು. ಕಾರಿನ ವಿದ್ಯುತ್ತು ಹರಿಯುವ ತಂತಿಗಳಿಗೆ ನನ್ನ ತಂತಿಯನ್ನು ನಾನೇ ಅಂದವಾಗಿ ಕಟ್ಟಿಹಾಕಿದ್ದೆ. ಗೆಳೆಯ ಹೊರಗೆ ನಿಂತು ಕಿವಿ ಮುಚ್ಚಿಕೊಂಡು, ಬ್ಯಾಂಕಿನವರು ಬರಲಿ, ಅವರನ್ನು ಒಂದು ಮಾತು ಕೇಳೋಣ ಎಂದ. ಬೇಡವೆಂದೆ. ಮರುವಾರ ಅಷ್ಟೂ ಗಂಟುಗಳನ್ನು ಕತ್ತರಿಸಿ, ತಂತಿಯನ್ನು ಎಡಮಗ್ಗುಲಿನಿಂದ ಒಂಟಿಯಾಗಿ ತಂದೆ. ಎರಡು ಕಡೆ ತಾಗಿಕೊಂಡರೆ ಹೊದಿಕೆಯೇ ಸದ್ದನ್ನು ಒಳತರುತ್ತದೆಂದು, ಎರಡೂ ತುದಿಗಳಲ್ಲಿ ಕಾರಿನ ಮೈಗೆ ಜೋಡಿಸಿದ್ದ ಜಾಲರಿಯನ್ನು ಮುಂದಿನ ತುದಿಯಲ್ಲಿ ಬಿಡಿಸಿದೆ. ಸದ್ದು ನಿಂತಿತು.

ಇನ್ನು ಸೋಪಿನ ಡಬ್ಬಿಯನ್ನು ಎಲ್ಲಿ ಕೂರಿಸಬೇಕೆಂಬುದೊಂದೇ ಉಳಿದಿತ್ತು. ನಡುವೆ, ಕ್ಯಾಸೆಟ್ ಪ್ಲೇಯರಿನ ಪಕ್ಕದಲ್ಲಿ ಇಡುವುದು ನ್ಯಾಯ. ಆದರೆ ಅಲ್ಲಿಟ್ಟರೆ ಅದು ಬ್ಯಾಂಕಿನವರ ಕೈಗೆ ಸಿಗುತ್ತಿತ್ತು. ಆದ್ದರಿಂದ ಎಡತುದಿಯಲ್ಲಿ, ನನ್ನ ಮೊಣಕಾಲಿನ ಮೇಲ್ಗಡೆ, ಎರಡು ಸ್ಕ್ರೂ ಹಾಕಿ ಬಿಗಿದೆ. ಅಲ್ಲಿಗೆ ನನ್ನ ಕೈ ಮಾತ್ರ ಎಟುಕುತ್ತಿತ್ತು.

ರಜೆ ಮುಗಿಸಿ ಬಂದ ಬ್ಯಾಂಕಿನವರು ಎಡಬಾಗಿಲಿನಿಂದ ಬಗ್ಗಿ ನಾಬನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದರು. ಅವರಿಗೂ ಸ್ವಲ್ಪ ಉರಿಯಲೆಂದು ನಾನು ಕಾದಿದ್ದೆ. "ಭಾಳ ಛಲೋ ಮಾಡೀರಿ ಸರ," ಎಂದರು ಅವರು. "ಡಿಕ್ಕಿ ತಗಿಯೂ ಕೆಲಸ ತಪ್ಪಿಸಿದ್ರಿ ನೋಡ್ರಿ." ಮುಖದಲ್ಲಿ ಹುಡುಕಿದೆ; ಕಪಟವಿರಲಿಲ್ಲ. ಅದರಿಂದ ನನ್ನ ಸಂಕಟ ಇಮ್ಮಡಿಯಾಯಿತು.

ತೀರ್ಥಹಳ್ಳಿಗೆ ಹೊರಟ ದಿನ ಬಟ್ಟೆಮಲ್ಲಪ್ಪ ಎಂಬ ಊರಿನವರೆಗೆ ಬೇಸ್ ಏರಿಸಿಟ್ಟಿದ್ದೆ. ಹೊಸನಗರ ದಾಟಿದ ಮೇಲೆ ರಸ್ತೆಯ ಗುಂಡಿಗಳನ್ನು ನೋಡಿ ನೋಡಿ ಇಳಿಸಿದೆ. ಗಾಜು ಒಮ್ಮೆಯೂ ನಡುಗಲಿಲ್ಲ. ಕಾರು ಎಲ್ಲಿಯೂ ನಿಲ್ಲಲಿಲ್ಲ. ಗೆಳೆಯ ಬ್ಯಾಂಕಿನವರ ತಲೆಯ ಮೇಲಿನಿಂದ ನನ್ನತ್ತ ನೋಡಿ ಹುಬ್ಬು ಹಾರಿಸಿದ. ಹೊಸ್ತಿಲು ದಾಟುವ ಇನ್ನೊಬ್ಬನು ನಾನೇ ಎಂದು ಅಲ್ಲಿ ನಿಶ್ಚಯಿಸಿಕೊಂಡೆ.

ಹೆಣ್ಣಿನ ಮನೆ ಪೇಟೆಯ ಬೀದಿಯಲ್ಲಿಯೇ ಇತ್ತು. ಹಾಡು ಕೇಳಿ, ನಾವು ಇಳಿಯುವ ಮೊದಲೇ ಹುಡುಗಿಯ ದೊಡ್ಡಪ್ಪ ಹೊರಗೆ ಬಂದರು. ಸಂಗೀತದ ಹುಚ್ಚಿನ ಹಿರಿಯರು. ಇಷ್ಟು ಗಟ್ಟಿ ಶಬ್ದ ಎಲ್ಲಿಂದ ಬರುತ್ತದೆಂದು ಕಾರನ್ನು ಒಂದು ಸುತ್ತು ಬಂದು, ತಾವೂ ಸ್ವಲ್ಪ ಕೂತು ಕೇಳಬಹುದೇ ಎಂದರು.

"ಕೂತ್ಕಳಿ, ಮೇಷ್ಟ್ರು ತೋರಿಸ್ತಾರೆ," ಎಂದ ಗೆಳೆಯ. "ಆ ನಾಬು ಅವ್ರಿಗೆ ಬಿಟ್ರೆ ಬೇರೆಯವ್ರಿಗೆ ಬರಲ್ಲ." ಅನಂತರ ಕಿಟಕಿಗೆ ಬಾಗಿ ಮೆಲ್ಲಗೆ ಹೇಳಿದ: "ನೀ ಇಲ್ಲೇ ಇರು ಮಾರಾಯ. ಒಳಗೆ ಮೂರು ಜನ ಆಗ್ತದೆ."

ಬ್ಯಾಂಕಿನವರು ಅಂಗಿಯ ತೋಳು ಸರಿಪಡಿಸಿಕೊಂಡು ಅವನ ಹಿಂದೆ ನಡೆದರು. ಹೊಸ್ತಿಲಲ್ಲಿ ಇಬ್ಬರೂ ಒಟ್ಟಿಗೇ ತಲೆ ಬಗ್ಗಿಸಿದರು.

ದೊಡ್ಡಪ್ಪನವರು ಸ್ಟೇರಿಂಗಿನ ಮುಂದೆ ಕುಳಿತು ಕಣ್ಣು ಮುಚ್ಚಿಕೊಂಡರು. ನಾನು ಬೇಸನ್ನು ಪೂರ್ತಿ ಇಳಿಸಿದೆ. ಹಾಡು ತೆಳ್ಳಗಾದಾಗ ಒಳಗಿನ ಮಾತು ಮನೆಯ ಕಿಟಕಿಯಿಂದ ಕೇಳತೊಡಗಿತು. ಹುಡುಗನನ್ನು ಎಷ್ಟು ಕಾಲದಿಂದ ಬಲ್ಲಿರಿ ಎಂದು ಯಾರೋ ಕೇಳಿದರು.

"ಅಣ್ಣತಮ್ಮರ ಹಂಗ ಅದೀವ್ರಿ," ಎಂಬ ಧ್ವನಿ ಬಂತು. "ಅವರದು ನನಗ ಗೊತ್ತಿಲ್ಲದ್ದು ಏನೂ ಇಲ್ಲ."

ಎಲ್ಲರೂ ನಕ್ಕರು. ಗೆಳೆಯನ ನಗು ಬೇರೆಯಾಗಿ ಕೇಳಿಸಿತು. ಅದನ್ನು ನಾನು ಯಾವ ಗುಂಪಿನಲ್ಲಿಯೂ ಗುರುತಿಸಬಲ್ಲೆ.

"ಯಾಕೆ, ಸಣ್ಣ ಆಯ್ತಲ್ಲ? ಸ್ವಲ್ಪ ಗಟ್ಟಿ ಮಾಡಿ," ಎಂದರು ದೊಡ್ಡಪ್ಪ.

ನಾಬನ್ನು ಬಲತುದಿಯವರೆಗೆ ತಿರುಗಿಸಿದೆ. ಸೀಟು ನಡುಗಿತು, ಹಿಂದಿನ ಗಾಜು ನಡುಗಿತು, ಮನೆಯ ಕಿಟಕಿಯ ಬಾಗಿಲುಗಳೂ ಗಡಗಡಿಸಿದವು. ಒಳಗಿನ ಒಂದು ಮಾತೂ ಈಗ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಗೆಳೆಯನ ಮುಖ ಆ ಮನೆಯ ಕಿಟಕಿಯಲ್ಲಿ ಕಾಣಿಸಿಕೊಂಡಿತು. ಇಳಿಸು, ಇಳಿಸು ಎಂದು ಅವನು ನನಗೆ ಕೈಸನ್ನೆ ಮಾಡುತ್ತಿದ್ದ. ಒಳಗಿದ್ದವರೆಲ್ಲರನ್ನೂ ಬಿಟ್ಟು ಅವನು ನನ್ನನ್ನೇ ನೋಡುತ್ತಿದ್ದ. ಆ ಕೈ ಇನ್ನೂ ಕೆಲವು ಸಲ ಆಡಲೆಂದು ಬಿಟ್ಟು, ಆಮೇಲೆ ನಿಧಾನವಾಗಿ ಇಳಿಸಿದೆ.