ಗಂಟು ಹಾಕದ ಹಗ್ಗ

ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ತೊಳೆದರೂ ಕೈಯಿಂದ ಹಳೇ ಎಂಜಿನ್ ಎಣ್ಣೆಯ ವಾಸನೆ ಹೋಗಿಲ್ಲ. ಬೆಳಿಗ್ಗೆ ಆ ಕೈಯಲ್ಲೇ ಹಿಟ್ಟು ನಾದಿ ರೊಟ್ಟಿ ಬಡಿದೆ. ನಮ್ಮ ಮನೆಯವರು ತಾಟಿನ ಮುಂದೆ ಕೂತು ಮೂಗು ಮುರಿದರು. ಮುರಿಯಲಿ, ಇವತ್ತು ನನಗೆ ಯಾರ ಮೂಗಿನ ಚಿಂತೆಯೂ ಇಲ್ಲ. ನಿನ್ನೆ ಯಾವಗಲ್ಲಿನ ನನ್ನ ತವರುಮನೆಯಲ್ಲಿ ಒಂದು ಕಾರಿನ ಎಂಜಿನ್ ಎತ್ತಿದರು. ಅದೇನು ಬರೆದು ಹೇಳುವ ಸಂಗತಿಯೇ ಎನ್ನಬೇಡಿ. ಸ್ವಲ್ಪ ಕೂತು ಕೇಳಿ.

ಕಾರು ನನ್ನ ಕಾಕಾನದು, ಅಂದರೆ ಅಪ್ಪನ ತಮ್ಮನದು. ಬೆಳ್ಳಗೆ, ದುಂಡಗೆ, ಗಿಡ್ಡಗೆ ಇದ್ದ ಅದಕ್ಕೆ ಊರವರು ತತ್ತಿ ಎಂದೇ ಹೆಸರಿಟ್ಟಿದ್ದರು. ಕಡಲೆ ಚೀಲ, ಬಸುರಿಯರು, ಒಮ್ಮೆ ಒಂದು ಜ್ವರ ಬಂದ ಕರು, ಎಲ್ಲರೂ ಆ ತತ್ತಿಯೊಳಗೆ ಕೂತು ರೋಣಕ್ಕೆ ಹೋಗಿಬಂದವರೇ. ಕಾಕಾ ತಾನು ಜಳಕ ಮಾಡುವ ಮುಂಚೆ ಅದಕ್ಕೆ ಜಳಕ ಮಾಡಿಸುತ್ತಿದ್ದ. ಅವನ ಹೆಂಡತಿ, ನಮ್ಮ ಚಿಗವ್ವ, ಹಿತ್ತಲ ಬಾಗಿಲಲ್ಲಿ ನಿಂತು, “ನನ್ನ ಸವತಿ ಮೈ ಒರಸೂದು ಆತೇನ್ರಿ? ಆಗಿದ್ರ ರೊಟ್ಟಿ ತಿನ್ನಾಕ ಬರ್ರಿ” ಎನ್ನುತ್ತಿದ್ದಳು.

ಆಕೆ ಅಷ್ಟು ಬಾಯಿ ಮಾಡುತ್ತಿದ್ದದ್ದು ಅಪ್ಪ ಮನೆಯಲ್ಲಿ ಇಲ್ಲದಾಗ ಮಾತ್ರ. ನಮ್ಮಲ್ಲಿ ಗಂಡನ ಅಣ್ಣನ ಎದುರು ಸೆರಗು ಹೊದ್ದು ನಿಲ್ಲಬೇಕು, ನೇರ ಮಾತಾಡುವ ಹಾಗಿಲ್ಲ. ಅಪ್ಪ ಎದುರಿಗೇ ಕೂತಿದ್ದರೂ ಚಿಗವ್ವ ನನ್ನ ಮುಖ ನೋಡಿ, “ಚಹಾ ಆರಾಕತ್ತೈತಿ ಅಂತ ನಿಮ್ಮಪ್ಪಾರಿಗೆ ಹೇಳವಾ” ಎನ್ನುತ್ತಿದ್ದಳು. ಅಪ್ಪ ಉತ್ತರವನ್ನೂ ನನಗೇ ಕೊಡುತ್ತಿದ್ದ. ನಾನು ಮದುವೆಯಾಗಿ ನರಗುಂದಕ್ಕೆ ಬಂದ ಮೇಲೆ ನನ್ನ ಕೆಲಸ ಅಡುಗೆಮನೆಯ ಗೋಡೆಗೆ ಹೋಯಿತು, ಇಬ್ಬರೂ ಅದರ ಕಡೆ ಮುಖ ಮಾಡಿ ಮಾತಾಡುತ್ತಿದ್ದರು. ಗೋಡೆ ನನಗಿಂತ ಚಲೋ ಮಾಡುತ್ತದೆ, ನಡುವೆ ತನ್ನ ಮಾತು ಸೇರಿಸುವುದಿಲ್ಲ ಎಂದು ಕಾಕಾ ನನ್ನನ್ನು ಕಾಡುತ್ತಿದ್ದ.

ಬಹಳ ವರ್ಷಗಳ ಹಿಂದಿನ ಮಾತು, ಪಂಚಮಿಗೆ ತವರಿಗೆ ಹೋಗಿದ್ದೆ. ಕೊಟ್ಟಿಗೆಯ ತೊಲೆಗೆ ಜೋಕಾಲಿ ಕಟ್ಟಿದ್ದರು. ಹಬ್ಬ ಮುಗಿದು ಉಂಡಿಯ ಡಬ್ಬಿಯ ತಳ ಕಂಡ ಮೇಲೆ ಜೋಕಾಲಿ ಬಿಚ್ಚಲು ಬಂದ ಕಾಕಾ ತೊಲೆಯನ್ನೇ ನೋಡುತ್ತ ನಿಂತ. ತತ್ತಿ ಬಹಳ ದಿನದಿಂದ ಹೊಗೆ ಉಗುಳುತ್ತಿತ್ತು, ಎಂಜಿನ್ ಹೊರಗೆ ತೆಗೆದು ಬಿಚ್ಚಬೇಕಿತ್ತು. “ಮನಿ ಹೆಣಮಕ್ಕಳನ್ನೆಲ್ಲಾ ತೂಗಿದ ತೊಲಿ ಇದು. ಒಂದು ಎಂಜಿನ್ ತಡಕೊಳ್ಳಂಗಿಲ್ಲೇನ?” ಎಂದ. ನಾವು ನಮ್ಮ ನಮ್ಮ ತೂಕ ನೆನೆದು ಹೌದೆಂದೆವು. ಖರೇ ಹೇಳುತ್ತೇನೆ, ತೊಲೆಯೂ ತಡೆಯಿತು, ಹಗ್ಗವೂ ತಡೆಯಿತು.

ಬಾವಿಯ ರಾಟೆಯ ಗಾಲಿಯನ್ನು ತೊಲೆಗೆ ಬಿಗಿದು ಜೋಕಾಲಿಯ ಹಗ್ಗವನ್ನೇ ಅದರ ಮೇಲೆ ಹಾಯಿಸಿದರು. ಅಪ್ಪ ಮತ್ತು ಇಬ್ಬರು ಆಳುಗಳು ಜಗ್ಗಿದರು. ಎಂಜಿನ್ ಕಾರಿನ ಹೊಟ್ಟೆಯಿಂದ ಮೇಲೆದ್ದಿತು. ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಸುತ್ತಿ ತುದಿಯನ್ನು ಅಪ್ಪ ಹಿಡಿದ. ಆಳುಗಳು ಕಾರನ್ನು ಹಿಂದಕ್ಕೆ ದಬ್ಬಲು ಹೋದರು.

“ಅಣ್ಣಾ, ಗಂಟ ಹಾಕು” ಎಂದ ಕಾಕಾ.

“ನಾ ಹಿಡದೀನಲ್ಲೋ, ಗಂಟ್ಯಾಕ?” ಎಂದ ಅಪ್ಪ.

ಕಾಕಾನಿಗೆ ಅಷ್ಟು ಸಾಕಿತ್ತು. ಎಲ್ಲೋ ಒಂದು ವಾಯರ್ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಲು ಎಂಜಿನ್ನಿನ ಕೆಳಗೆ ನುಸುಳಿದ. ಆಗಲೇ ಮಠದ ಅಜ್ಜಾರು ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತರು.

ಮಠದ ಸ್ವಾಮಿಗಳನ್ನು ನಾವು ಅಜ್ಜಾರು ಎನ್ನುತ್ತೇವೆ. ಅವರು ಕಂಡರೆ ಕೈಯಲ್ಲಿ ಏನೇ ಇರಲಿ, ಬಿಟ್ಟು ಎರಡೂ ಕೈ ಮುಗಿಯುತ್ತೇವೆ. ಇದನ್ನು ಯಾರೂ ಕಲಿಸಬೇಕಿಲ್ಲ, ಹಾಲು ಕುಡಿಯುವಾಗಲೇ ಬಂದಿರುತ್ತದೆ. ರೊಟ್ಟಿ ಬಡಿಯುವವಳು ಹಿಟ್ಟಿನ ಕೈಯಲ್ಲೇ ಮುಗಿಯುತ್ತಾಳೆ. ಸೈಕಲ್ ಮೇಲಿದ್ದವನು ಬಿದ್ದರೂ ಮುಗಿದೇ ಬೀಳುತ್ತಾನೆ. ಅಪ್ಪನೂ ಮುಗಿದ. “ಶರಣ್ರಿ ಅಜ್ಜಾರ” ಎಂಬ ಮಾತು ಬಾಯಿಂದ ಪೂರ್ತಿ ಬಂದಿರಲಿಲ್ಲ, ಹಗ್ಗ ಕಂಬವನ್ನು ಉಜ್ಜಿಕೊಂಡು ಓಡಿತು.

ಊರಿಗೆ ಇದ್ದದ್ದು ಒಂದೇ ಕಾರು. ಅದರ ಎಂಜಿನ್ ಕಾಕಾನ ಎದೆಯ ಮೇಲಿತ್ತು. ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಕೌದಿ ಹಾಸಿ ರೋಣದ ದವಾಖಾನೆಗೆ ಹೊರಟರು. ಅಜ್ಜಾರೇ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಎರಿ ನೆಲದ, ಮಳೆಗಾಲದ ಅಂಟು ಕೆಸರಿನ ರಸ್ತೆಯಲ್ಲಿ ಟ್ರ್ಯಾಕ್ಟರ್ ಎಷ್ಟು ಲಗೂ ಓಡೀತು? ದಾರಿಯಲ್ಲೇ ಉಸಿರು ನಿಂತಿತು. ತತ್ತಿ ಸರಿಯಾಗಿದ್ದಿದ್ದರೆ ಎಂದು ಯಾರಾದರೂ ಶುರು ಮಾಡಿದರೆ ನಾನು ಇವತ್ತಿಗೂ ಎದ್ದು ಹೋಗುತ್ತೇನೆ.

ಆಮೇಲೆ ಊರ ಮಂದಿ ಆ ಎಂಜಿನ್ನನ್ನು ಹೊತ್ತು ಕಾರಿನೊಳಗೆ ತುರುಕಿ, ಬಾನೆಟ್ ಮುಚ್ಚಿ, ಮೇಲೆ ತಾಡಪತ್ರಿ ಹೊದಿಸಿದರು. ಅವತ್ತಿನಿಂದ ಅಪ್ಪ ಯಾರಿಗೂ ಕೈ ಮುಗಿಯಲಿಲ್ಲ. ಅಜ್ಜಾರಿಗೂ ಇಲ್ಲ, ದೇವರಿಗೂ ಇಲ್ಲ. ನನ್ನ ಮಗಳ ಮದುವೆಯಲ್ಲಿ ಬೀಗರು ಎದುರಿಗೆ ಬಂದಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಮುದುಕಗ ಭಾಳ ಸೊಕ್ಕು ಎಂದು ಅವರು ಆಡಿಕೊಂಡರು. ನಾನು ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿದೆ.

ಚಿಗವ್ವ ಅದೇ ಮನೆಯಲ್ಲಿ ಉಳಿದಳು. ಅದೇ ಸೆರಗು, ಅದೇ ಗೋಡೆ, “ಚಹಾ ಆರಾಕತ್ತೈತಿ” ಎಂಬ ಅದೇ ಮಾತು. ಮೊದಲೂ ಆಕೆ ಅಪ್ಪನ ಜೊತೆ ಮಾತಾಡುತ್ತಿರಲಿಲ್ಲ, ಆಮೇಲೂ ಮಾತಾಡಲಿಲ್ಲ. ಒಮ್ಮೆ ಅಪ್ಪ ನನ್ನನ್ನು ಬದಿಗೆ ಕರೆದು, “ಆಕಿ ಸುಮ್ನ ಇರೂದು ರೀತಿ ಏನವಾ, ಸಿಟ್ಟ ಏನ?” ಎಂದು ಕೇಳಿದ. ನನಗೇನು ಗೊತ್ತು? ರೀತಿ, ಪದ್ಧತಿ ಎಂದೆ. ಅವನು ನಂಬಲಿಲ್ಲ. ಹೋದಾಗಲೆಲ್ಲ ಅದನ್ನೇ ಕೇಳುತ್ತಿದ್ದ. ಬೈದಿದ್ದರೆ, ಎದೆ ಎದೆ ಬಡಿದುಕೊಂಡು ಶಾಪ ಹಾಕಿದ್ದರೆ, ಆ ಮನುಷ್ಯ ಒಂದು ರಾತ್ರಿಯಾದರೂ ನಿದ್ದೆ ಮಾಡುತ್ತಿದ್ದ ಎಂದು ನನಗೆ ಅನಿಸುತ್ತದೆ.

ಈ ವರ್ಷ ಕೊಟ್ಟಿಗೆಯ ಮಾಳಿಗೆ ಕುಸಿಯಲು ಹತ್ತಿತು. ಕಾರನ್ನು ಗುಜರಿಗೆ, ಮೋಡಕಾ ಅಂಗಡಿಗೆ ಹಾಕೋಣ ಎಂದೆ. ಚಿಗವ್ವ ಒಪ್ಪಲಿಲ್ಲ. “ಅರ್ಧಕ್ಕ ನಿಂತ ಕೆಲಸ ಅದು. ಎಂಜಿನ್ ತಗಿಸಿ ರಿಪೇರಿ ಮಾಡಸ್ರಿ ಅಂತ ನಿಮ್ಮಪ್ಪಾರಿಗೆ ಹೇಳವಾ” ಎಂದಳು. ಗಜೇಂದ್ರಗಡದಿಂದ ಖಾದರಸಾಬ ಬಂದ. ಹಳೇ ಕಾರುಗಳ ಕೆಲಸವೇ ಅವನದು. ಕಾರನ್ನು ಅಂಗಳಕ್ಕೆ ದಬ್ಬಿಸಿ, ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ, ಅದಕ್ಕೆ ಚೈನ್ ಪುಲ್ಲಿ ತೂಗುಹಾಕಿದ. ಎಣ್ಣೆ ಬಸಿದ, ವಾಯರು, ಪೈಪು ಎಲ್ಲ ಮೊದಲೇ ಬಿಚ್ಚಿದ, ಪಕ್ಕದಲ್ಲಿ ಲಾರಿಯ ಹಳೇ ಟೈರ್ ಹಾಸಿದ. ಪಾಪ, ಅವನಿಗೆ ನಮ್ಮ ಮನೆಯ ಕಥೆ ಗೊತ್ತಿರಲಿಲ್ಲ.

“ಎಂಜಿನ್ ತೂಗಾಡುಮುಂದ ಕೆಳಗ ಯಾರೂ ಕೈ ಹಾಕಬ್ಯಾಡ್ರಿ” ಎಂದ. “ಮ್ಯಾಲೆ ಸ್ವಂತ ಅಣ್ಣ ಹಿಡದಿದ್ರೂ ಹಾಕಬ್ಯಾಡ್ರಿ.”

ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಕೋಲು ಬಿಟ್ಟು ಎದ್ದು ಬಂದು ಚೈನ್ ಹಿಡಿದ. ಖಾದರಸಾಬ ಜಗ್ಗಿದಂತೆ ತಾನೂ ಜಗ್ಗಿದ. ಎಂಜಿನ್ ಮೇಲೆದ್ದು ನಿಂತಾಗ ಖಾದರಸಾಬ, “ಬಿಡ್ರಿ ಯಜಮಾನರ, ಚೈನ್ ತಾನ ಹಿಡಕೊಂತೈತಿ, ಜಾರಂಗಿಲ್ಲ” ಎಂದ. ಅಪ್ಪ ಬಿಡಲಿಲ್ಲ. ದಾರಿಯಲ್ಲಿ ಹೋಗುವವರು ಯಾರೋ ಬಾಗಿಲಿಂದ ಶರಣ್ರಿ ಎಂದರು, ತಿರುಗಿ ನೋಡಲಿಲ್ಲ. ಎಂಜಿನ್ ಟೈರಿನ ಮೇಲೆ ಕೂತ ಮೇಲೂ ಮುಷ್ಟಿ ಬಿಚ್ಚಲಿಲ್ಲ. ಕೊನೆಗೆ ನಾನೇ ಹೋಗಿ ಒಂದೊಂದೇ ಬೆರಳು ಬಿಡಿಸಿದೆ. ಈ ವಾಸನೆ ನನ್ನ ಕೈಗೆ ಹತ್ತಿದ್ದು ಆಗ.

ಅಪ್ಪ ಕರ್ರಗಾದ ಕೈಗಳನ್ನು ನೋಡಿಕೊಂಡ. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ತಿರುಗಿ, ಅಲ್ಲಿ ನಿಂತಿದ್ದ ಚಿಗವ್ವನಿಗೆ ಎರಡೂ ಕೈ ಮುಗಿದ. ಹಿರಿಯ ಭಾವ ತಮ್ಮನ ಹೆಂಡತಿಗೆ ಕೈ ಮುಗಿಯುವುದು ನಮ್ಮಲ್ಲಿ ಇಲ್ಲವೇ ಇಲ್ಲ.

ಚಿಗವ್ವ ತಲೆಯ ಮೇಲಿನ ಸೆರಗು ಸರಿಸಿ ಅವನ ಮುಖ ನೋಡಿದಳು.

“ಕೈ ಇಳಸ್ರಿ ಭಾವಾರ” ಎಂದಳು. “ಅವತ್ತ ಮುಗದಿದ್ದ ಸಾಕು.”

ಅಪ್ಪ ಕೈ ಇಳಿಸಿದ. ಖಾದರಸಾಬ ಏನೂ ತಿಳಿಯದೆ ಪಾನಾ ಹುಡುಕುತ್ತಿದ್ದ. ನಾನು ಸಂಜೆಯ ಬಸ್ಸಿಗೆ ನರಗುಂದಕ್ಕೆ ಬಂದೆ, ದಾರಿಯುದ್ದಕ್ಕೂ ಅತ್ತೆ.

ಈಗಷ್ಟೇ ಹೆದರುತ್ತಲೇ ಫೋನ್ ಮಾಡಿದೆ. ಅಪ್ಪನೇ ಎತ್ತಿದ. “ರಾತ್ರಿ ಚಲೋ ನಿದ್ದಿ ಬಂತವಾ” ಎಂದ. ಆಮೇಲೆ, “ರೀತಿ ಅಲ್ಲದು. ಸಿಟ್ಟ” ಎಂದ. ಅವನ ಹಿಂದಿನಿಂದ ಚಿಗವ್ವನ ದನಿ ಕೇಳಿತು.

“ಭಾವಾರ, ಚಹಾ ಆರಾಕತ್ತೈತಿ.”

ಗೋಡೆಗಲ್ಲ, ನನಗಲ್ಲ. ಅಪ್ಪ ಫೋನ್ ಇಟ್ಟ.